ಚಿಕ್ಕಪ್ಪ ಮತ ಕೇಳುತ್ತಾ ಬಂದದ್ದು

ಜೀಪಿನ ಮೇಲೆ ಕಟ್ಟಿದ ಮೈಕು ಮಾತು ಶುರುವಾಗುವ ಮುನ್ನ ಒಮ್ಮೆ ಕೀಂಯ್ ಅನ್ನುತ್ತದಲ್ಲ, ಆ ಸದ್ದು ಕಿವಿಗೆ ಬಿದ್ದರೆ ಇವತ್ತಿಗೂ ಕೈಯಲ್ಲಿದ್ದ ಕೆಲಸ ನಿಂತುಬಿಡುತ್ತದೆ. ನಿಮ್ಮೂರಿಗೂ ಅಂಥ ಜೀಪುಗಳು ಬಂದಿರಬಹುದು, ಅವುಗಳ ಹಿಂದೆ ನೀವೂ ಓಡಿರಬಹುದು. ನಮ್ಮ ಮನೆ ಯಸಳೂರಿನಿಂದ ಬಿಸಿಲೆಗೆ ಹೋಗುವ ರಸ್ತೆಯ ಮೇಲ್ಗಡೆ ಇತ್ತು. ಈಗ ಅಲ್ಲಿ ಮನೆಯಿಲ್ಲ, ಗೇಟೂ ಇಲ್ಲ. ತೋಟ ಕೊಂಡವರು ಎಲ್ಲ ಕೆಡವಿ ಕಾಫಿ ಒಣಗಿಸುವ ಕಣ ಮಾಡಿಕೊಂಡಿದ್ದಾರೆ. ಆಗ ಅಲ್ಲಿ ಅಜ್ಜಿ, ಅಪ್ಪ, ಅಮ್ಮ, ನಾನು ಮತ್ತು ಅಪ್ಪನ ತಮ್ಮ ರುದ್ರ ಚಿಕ್ಕಪ್ಪ ಇದ್ದೆವು.

ಚಿಕ್ಕಪ್ಪನದು ತುಂಬಿದ ದನಿ. ಎದುರು ಗುಡ್ಡದಲ್ಲಿ ಕೆಲಸ ಮಾಡುವವರನ್ನು ಊಟಕ್ಕೆ ಕೂಗಬೇಕಾದರೆ ಅಮ್ಮ ಅವನನ್ನೇ ಅಂಗಳಕ್ಕೆ ಕಳಿಸುತ್ತಿದ್ದಳು. ದಿಲ್ಲಿಯಲ್ಲಿ ಸರ್ಕಾರಗಳು ಬಿದ್ದು ಮತ್ತೆ ಮತ್ತೆ ಪಾರ್ಲಿಮೆಂಟ್ ಚುನಾವಣೆ ಬರುತ್ತಿದ್ದ ಕಾಲ ಅದು. ನಮ್ಮ ಪುಟ್ಟ ಊರಿನಲ್ಲೇ ಮೂರು ಪಕ್ಷದ ಬಾವುಟ ಹಾರುತ್ತಿದ್ದವು. ಅಪ್ಪನದು ಒಂದು ಪಕ್ಷ, ಚಿಕ್ಕಪ್ಪನದು ಇನ್ನೊಂದು. ಕಾಫಿ ಹೂವಿನ ಘಮ ಒಳಮನೆಯವರೆಗೂ ತುಂಬಿದ್ದ ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಮಾತಿಗೆ ಮಾತು ಬೆಳೆಯಿತು. “ನನ್ ಮನೇಲಿ ಉಂಡು ಅವ್ರಿಗೆ ಕೂಗಾಕೆ ಹೋಯ್ತೀಯೇನೋ?” ಎಂದುಬಿಟ್ಟ ಅಪ್ಪ. ಚಿಕ್ಕಪ್ಪ ಕಲೆಸಿದ ಅನ್ನ ಬಿಟ್ಟು ಎದ್ದು ಕೈ ತೊಳೆದುಕೊಂಡ. “ಸರಿ ಕಣಣ್ಣ, ನಿನ್ ಮನೆ ನೀನೇ ಇಟ್ಕೊ” ಎಂದು ಹೊರಟವನು ಸಕಲೇಶಪುರದಲ್ಲಿ ತನ್ನ ಪಕ್ಷದ ಆಫೀಸಿನಲ್ಲೇ ಉಳಿದು ಅವರ ಜೀಪಿನ ಮೈಕಿನಲ್ಲಿ ಕೂಗತೊಡಗಿದ. ಎಲ್ಲ ಹಳ್ಳಿಗೂ ತಾನೊಬ್ಬನೇ ಸುತ್ತಲಾಗದೆಂದು ತನ್ನ ಮಾತನ್ನು ಕ್ಯಾಸೆಟ್ಟಿಗೆ ತುಂಬಿ ಬೇರೆ ಜೀಪುಗಳಿಗೂ ಕೊಟ್ಟಿದ್ದ.

ಮತದಾನ ಹತ್ತಿರವಾಗಿತ್ತು. ಒಂದು ಬೆಳಗ್ಗೆ ಮಂಜಿನಲ್ಲಿ ದಾರಿ ಕಾಣದೆ ಅವನಿದ್ದ ಜೀಪು ಬಿಸಿಲೆಯ ತಿರುವಿನಲ್ಲಿ ಕೆಳಗುರುಳಿತು. ಮೂರೂ ಪಕ್ಷದವರು ಬಂದು ಅವನ ಚಟ್ಟಕ್ಕೆ ಹೆಗಲು ಕೊಟ್ಟರು. ಅಪ್ಪ ಅಳಲಿಲ್ಲ. ಮಣ್ಣು ಮಾಡಿ ಬಂದವನು ಅಂದಿನಿಂದ ಊಟಕ್ಕೆ ಕೂತರೆ ತುತ್ತು ಎತ್ತದೆ ತಟ್ಟೆಯನ್ನೇ ನೋಡುತ್ತಿದ್ದ.

ತಿಥಿ ಇನ್ನೂ ಆಗಿರಲಿಲ್ಲ, ಕೆಳಗಿನ ತಿರುವಿನಲ್ಲಿ ಮೈಕು ಕೀಂಯ್ ಎಂದಿತು. “ಅಣ್ಣಂದಿರೇ, ಅಕ್ಕಂದಿರೇ...” ಚಿಕ್ಕಪ್ಪನ ದನಿ! ಗುಡ್ಡಕ್ಕೆ ಬಡಿದು ಮರಳಿ, ಅವನು ಆಚೆ ತೋಟದಲ್ಲೂ ನಿಂತು ಕೂಗುತ್ತಿರುವಂತೆ ಕೇಳಿಸಿತು. ಅಮ್ಮನ ಕೈಯಿಂದ ಮೊರ ಜಾರಿತು. ಕಣ್ಣಿಗೆ ಪೊರೆ ಬಂದು ಏನೂ ಕಾಣದ ಅಜ್ಜಿ “ರುದ್ರ ಬಂದ” ಎನ್ನುತ್ತಾ ಗೋಡೆ ಹಿಡಿದು ಗೇಟಿನ ಕಡೆ ನಡೆದಳು. ಅಪ್ಪ ಬರಿಗಾಲಲ್ಲೇ ಓಡಿ ಜೀಪಿಗೆ ಅಡ್ಡ ನಿಂತ. ಡ್ರೈವರ್ ದೋಣಿಗಲ್ ಕಡೆಯವನು, ನಮ್ಮೂರಿಗೆ ಹೊಸಬ. “ಅವ್ರ ಮನೆ ಇದೇ ಅಂತ ಗೊತ್ತಿರ್ಲಿಲ್ಲ ಗೌಡ್ರೇ” ಎಂದು ಗಾಬರಿಯಿಂದ ಟೇಪು ನಿಲ್ಲಿಸಿದ.

“ಯಾಕೋ ನಿಲ್ಸುದ್ರಿ?” ಹಿಂದೆಯೇ ಬಂದ ಅಜ್ಜಿ ಕೇಳಿದಳು. “ಮಾತಾಡ್ತಾವ್ನೆ, ಮಾತಾಡ್ಲಿ ಬುಡು.”

ಹಾಕು ಎಂಬಂತೆ ಅಪ್ಪ ಡ್ರೈವರ್ ಕಡೆ ತಲೆಯಾಡಿಸಿದ. ಡ್ರೈವರ್ ಮತ್ತೆ ಹಾಕಿದ. ಜೀಪಿನ ಬಾನೆಟ್ಟಿಗೆ ಕೈಯೂರಿ ಅಪ್ಪ ತಮ್ಮನ ಭಾಷಣವನ್ನು ಕೊನೆಯವರೆಗೂ ಕೇಳಿದ, ತಾನು ಒಪ್ಪದ ಒಂದೊಂದು ಮಾತನ್ನೂ. ಆಮೇಲೆ ಪ್ರಚಾರ ಮುಗಿಯುವವರೆಗೂ ಆ ಜೀಪು ದಿನವೂ ಬಂತು. ನಮ್ಮ ಗೇಟಿನ ಬಳಿ ನಿಧಾನ ಮಾಡುತ್ತಿತ್ತು.

ಮತದಾನದ ದಿನ ಅಪ್ಪ ಅಜ್ಜಿಯ ಕೈಹಿಡಿದು ಸ್ಕೂಲಿಗೆ ಕರೆದೊಯ್ದ. ಅವಳ ಪರವಾಗಿ ಅವನೇ ಮುದ್ರೆ ಒತ್ತಬೇಕಿತ್ತು. “ರುದ್ರ ಹೇಳ್ದನಲ್ಲ, ಅದುಕ್ಕೇ ಒತ್ತು” ಎಂದಳು ಅಜ್ಜಿ, ಬೂತಿನಲ್ಲಿದ್ದವರೆಲ್ಲ ಕೇಳುವಂತೆ. ರಟ್ಟಿನ ಮರೆಯಲ್ಲಿ ಅವನು ಯಾವುದಕ್ಕೆ ಒತ್ತಿದರೂ ಅವಳಿಗೆ ಕಾಣುತ್ತಿರಲಿಲ್ಲ. ಮರಳುವ ದಾರಿಯಲ್ಲಿ ಜೊತೆಗಿದ್ದ ಅಮ್ಮ ಮೆಲ್ಲಗೆ ವಿಚಾರಿಸಿದಾಗ ಅಪ್ಪ ರಸ್ತೆಯನ್ನೇ ನೋಡುತ್ತಾ, “ಅವನು ಹೇಳಿದ್ದುಕ್ಕೇ ಒತ್ತಿದೆ. ನಂದೂ ಅದುಕ್ಕೇ” ಅಂದ. ಚಿಕ್ಕಪ್ಪನ ಅಭ್ಯರ್ಥಿ ಸೋತರು. ಗೆದ್ದ ತನ್ನ ಪಕ್ಷದವರು ಪಟಾಕಿ ಹೊಡೆಯುತ್ತಾ ಬಂದಾಗ ಅಪ್ಪ ಹೊರಗೆ ಬರಲಿಲ್ಲ.

ಆ ಸರ್ಕಾರವೂ ಬಾಳಲಿಲ್ಲ, ಮತ್ತೆ ಚುನಾವಣೆ ಬಂತು. ಅಷ್ಟರಲ್ಲಿ ಅಜ್ಜಿ ಯಾವ ಗಾಡಿಯ ಸದ್ದಾದರೂ ರುದ್ರ ಬಂದನೆಂದು ಗೇಟಿಗೆ ಹೋಗಿ ನಿಲ್ಲತೊಡಗಿದ್ದಳು. ಅಪ್ಪ ಯಸಳೂರಿಗೆ ಹೋಗಿ ಮೂರೂ ಪಕ್ಷದವರನ್ನು ಕಂಡ. “ನಮ್ ಮನೆ ತಾವ ಮೈಕ್ ಹಾಕ್ಬ್ಯಾಡಿ ಮಾರಾಯ್ರಾ. ಅವ್ವ ಗೇಟಿಗೆ ಹೋಗ್ಬುಡ್ತಾಳೆ” ಎಂದು ಕೇಳಿಕೊಂಡ. ಯಾರೂ ಅವನ ಮಾತು ಮೀರಲಿಲ್ಲ. ಬಾವುಟ ಕಟ್ಟಿದ ಜೀಪುಗಳು ನಮ್ಮ ಮನೆ ದಾಟುವವರೆಗೆ ಮೌನವಾಗಿ ಹೋಗುತ್ತಿದ್ದವು.

“ಈ ಸಲ ಎಲೆಕ್ಷನ್ ಇಲ್ವೇನೋ?” ಎಂದು ಅಜ್ಜಿ ಒಂದು ದಿನ ಕೇಳಿದಳು.

“ಇಲ್ಲ ಕಣವ್ವ” ಅಂದ ಅಪ್ಪ.

ಮತದಾನದ ದಿನ ಊರವರೆಲ್ಲ ಸ್ಕೂಲಿನ ಕಡೆ ಹೋಗುತ್ತಿದ್ದರು. ಅಪ್ಪ ಜಗಲಿಯಲ್ಲಿ ಅಜ್ಜಿಯ ಪಕ್ಕ ಕೂತವನು ಹೊತ್ತು ಮುಳುಗುವವರೆಗೂ ಏಳಲಿಲ್ಲ.