ದೋಣಿಯಕ್ಕನಿಗೆ ಸಿಗದ ಚಿಪ್ಪು

ಕೆರೆಯ ದಂಡೆಯಲ್ಲಿ ದೋಣಿ ಬಾಡಿಗೆಗೆ ಕೊಡುತ್ತಿದ್ದವಳನ್ನು ಊರೆಲ್ಲ ದೋಣಿಯಕ್ಕ ಎಂದೇ ಕರೆಯುತ್ತಿತ್ತು. ಹೌದೋ ಅಲ್ಲವೋ ಎಂದು ಇತ್ಯರ್ಥವಾಗದ ಮಾತು ಕೇಳಿದರೆ ಅವಳಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಒಂದು ಬೆಳಿಗ್ಗೆ ಪ್ರಯೋಗಾಲಯದ ಹುಡುಗಿ ಬಂದಳು. ಪರೀಕ್ಷೆಗೆಂದು ಬಾಟಲಿಗಳಲ್ಲಿ ಕೆರೆಯ ನೀರು ತುಂಬಿಕೊಂಡು ಹೋಗಿದ್ದವಳು ಅವಳೇ.

“ಅಕ್ಕಾ, ನೀರಲ್ಲಿ ಹೊರಗಿನ ಒಂದು ಚಿಪ್ಪುಪ್ರಾಣಿಯ ಡಿಎನ್‌ಎ ಸಿಕ್ಕಿದೆ. ಅದು ಹಬ್ಬಿದ್ರೆ ದೋಣಿ ತಳ, ನೀರಿನ ಪೈಪು, ಯಾವುದನ್ನೂ ಬಿಡಲ್ಲ.”

“ಚಿಪ್ಪು ಸಿಕ್ತಾ?”

“ಇಲ್ಲ. ಅದರ ಮೈಯಿಂದ ಉದುರಿದ ಕಣಗಳ ಗುರುತು ಅಷ್ಟೇ.”

“ಹಾಗಾದ್ರೆ ಚಿಪ್ಪು ಇದೆ ಅನ್ನು.”

“ಇರಬಹುದು. ಸತ್ತಿರಬಹುದು. ಬೇರೆ ಕೆರೆಯಿಂದ ಒದ್ದೆ ದೋಣಿ ಜೊತೆ ಬರೀ ಆ ಕಣಗಳೇ ಬಂದಿರಬಹುದು.”

ದೋಣಿಯಕ್ಕನಿಗೆ ತಲೆ ಚಿಟ್ಟುಹಿಡಿಯಿತು. ಸೊಂಟದುದ್ದ ನೀರಿಗಿಳಿದು ದೋಣಿ ಕಟ್ಟುವ ಕಂಬಗಳನ್ನೆಲ್ಲ ತಡವಿದಳು. ಗಟ್ಟಿಯಾದದ್ದೇನೋ ಕೈಗೆ ಸಿಕ್ಕಿತು. ಎತ್ತಿ ನೋಡಿದರೆ ಯಾರೋ ಬೀಳಿಸಿಕೊಂಡ ಚಮಚ. ದೋಣಿಗಳನ್ನೆಲ್ಲ ಮಗುಚಿ ಹಾಕಿ ನೋಡಿದಳು. ಪಾಚಿ ಬಿಟ್ಟರೆ ಬೇರೇನೂ ಇರಲಿಲ್ಲ.

ಆಗ ನೆನಪಾದದ್ದು ಭಾವ. ಅವಳ ಅಕ್ಕನ ಗಂಡ, ದರ್ಜಿ. ರಜೆ ಬಂತೆಂದರೆ ಪುಟ್ಟ ದೋಣಿಯನ್ನು ಗಾಡಿಗೆ ಕಟ್ಟಿಕೊಂಡು ಕಂಡಕಂಡ ಕೆರೆಯಲ್ಲಿ ಗಾಳ ಹಾಕುವ ಹುಚ್ಚು. ಅವರು ಬಂದೊಡನೆ ದೋಣಿಯಕ್ಕ ಅಡ್ಡ ನಿಂತಳು.

“ಭಾವ, ಒದ್ದೆ ದೋಣಿ ಜೊತೆ ಹೊರಗಿನ ಚಿಪ್ಪು ಕೆರೆಗೆ ಬಂದಿರಬಹುದಂತೆ. ತೊಳೆದು ಒಣಗಿಸದೆ ದೋಣಿ ಇಳಿಸಬೇಡಿ.”

“ಅಂದ್ರೆ ಆ ದರಿದ್ರಾನ ನಾನೇ ತಂದೆ ಅಂತೀಯಾ?”

“ಹಾಗಂತ ಹೇಳೋಕೆ ಬರಲ್ಲ.”

“ನಾನಲ್ಲ ಅಂತಾದ್ರೂ ಹೇಳಮ್ಮ!”

“ಅದನ್ನೂ ಹೇಳೋಕೆ ಬರಲ್ಲ.”

ಭಾವ ಮುಖ ಊದಿಸಿಕೊಂಡು ಹೊರಟುಹೋದರು. ಅಕ್ಕ ಫೋನು ಮಾಡುವುದೂ ನಿಂತಿತು.

ಮುಂದಿನ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ.

“ಹಾಗಾದ್ರೆ ಇಲ್ಲ!” ದೋಣಿಯಕ್ಕ ಹಿಗ್ಗಿದಳು.

“ಇಲ್ಲವೇ ಇಲ್ಲ ಅನ್ನೋಕಾಗಲ್ಲ ಅಕ್ಕಾ,” ಎಂದಳು ಹುಡುಗಿ. “ಮತ್ತೆ ಮತ್ತೆ ನೋಡ್ತಿರಬೇಕು.”

ದೋಣಿಯಕ್ಕ ಸೀದಾ ಭಾವನ ದರ್ಜಿ ಅಂಗಡಿಗೆ ನಡೆದಳು. ಭಾವ ಹೊಲಿಗೆ ಯಂತ್ರದಿಂದ ತಲೆಯೆತ್ತಲಿಲ್ಲ.

“ಭಾವ, ನಿಮ್ಮ ತಪ್ಪಿಲ್ಲ ಅಂತ ಹೇಳೋಕೆ ಬಂದೆ. ಆದ್ರೆ ಇಲ್ಲವೇ ಇಲ್ಲ ಅಂತಾನೂ ಹೇಳೋಕಾಗ್ತಿಲ್ಲ.”

“ಇದೇನು, ಕ್ಷಮೆ ಕೇಳ್ತಿದೀಯೋ, ಮತ್ತೆ ಬೈತಿದೀಯೋ?”

“ನಂಗೂ ಗೊತ್ತಾಗ್ತಿಲ್ಲ ಭಾವ.”

ಗುಂಡಿ ಹೊಲಿಯುತ್ತಿದ್ದ ಅಕ್ಕ ಕಿಸಕ್ಕನೆ ನಕ್ಕಳು. ಭಾವನೂ ತಡೆಯಲಾರದೆ ನಕ್ಕುಬಿಟ್ಟರು.

ಮುಂದಿನ ರಜೆಯಲ್ಲಿ ಅವರು ತಂದ ದೋಣಿ ಬಿಸಿಲಿಗೆ ಒಣಗಿ ಗರಿಗರಿಯಾಗಿತ್ತು. ಆದರೂ ದೋಣಿಯಕ್ಕ ಬಗ್ಗಿ ಅದರ ತಳ ಸವರತೊಡಗಿದಳು.

“ನಂಬಿಕೆ ಇಲ್ವಾ?”

“ಇದೆ ಭಾವ,” ಎಂದಳು. ಕೈ ಮಾತ್ರ ತೆಗೆಯಲಿಲ್ಲ.