ಬೆಟ್ಟದ ತಾಯಿಗೆ ಕಟ್ಟಿದ ಮುಡಿಪು

ಮಗ ವಿಮಾನ ಹಾರಿಸುವ ತರಬೇತಿ ಮುಗಿಸಿದ್ದಾನೆ, ಎದೆಗೆ ರೆಕ್ಕೆಯ ಬಿಲ್ಲೆ ಚುಚ್ಚುವ ಸಮಾರಂಭಕ್ಕೆ ತಂದೆತಾಯಿ ಬರಬೇಕು ಎಂದು ಕಾಗದ ಬಂತು. ನಮ್ಮ ಯಜಮಾನರು ಕೆಸರೆಯ ನಮ್ಮ ಬೀದಿಗೆಲ್ಲ ಸಕ್ಕರೆ ಹಂಚಿದರು. ನಾನು ಒಳಗೆ ಹೋಗಿ ದೇವರ ಗೂಡಿನ ಮುಂದೆ ಕುಸಿದು ಕೂತೆ. ಅಲ್ಲಿ ಅರಿಸಿನದ ಬಟ್ಟೆಯಲ್ಲಿ ಒಂದು ರೂಪಾಯಿ ಗಂಟು ಹಾಕಿಟ್ಟಿದ್ದೆ, ಬೆಟ್ಟದ ಚಾಮುಂಡಿಗೆ ಮುಡಿಪು. ಮಗ ಪಾಸಾಗಲಿ ಎಂದು ಕಟ್ಟಿದ್ದಾಳೆ ಅಂತ ಮನೆಯವರೆಲ್ಲ ತಿಳಿದಿದ್ದರು. ನಾನು ಕಟ್ಟಿದ್ದು ಅವನು ಫೇಲಾಗಿ ಮನೆಗೆ ಬರಲಿ ಎಂದು.

ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಚೀನಾದವರ ಯುದ್ಧ ಮುಗಿದು ಬಹಳ ದಿನವಾಗಿರಲಿಲ್ಲ. ಜೊತೆಯಲ್ಲಿ ಕಲಿಯುತ್ತಿದ್ದ ಹುಡುಗನೊಬ್ಬ ವಿಮಾನ ಬಿದ್ದು ಸತ್ತ ಎಂದು ಇವನೇ ಬರೆದಿದ್ದ, ಊಟ ಚೆನ್ನಾಗಿದೆ ಎಂದು ಬರೆದಷ್ಟೇ ಸಲೀಸಾಗಿ. ಅಂದೇ ತಲೆಗೆ ನೀರು ಹಾಕಿಕೊಂಡು ಮುಡಿಪು ಕಟ್ಟಿದೆ. ಆ ವಿದ್ಯೆ ಅವನ ಕೈಗೆ ಹತ್ತದ ಹಾಗೆ ಮಾಡು ತಾಯಿ, ನಿನ್ನ ಮೆಟ್ಟಿಲು ಹತ್ತಿ ಬಂದು ಒಪ್ಪಿಸುತ್ತೇನೆ ಎಂದೆ.

ಬೆಂಗಳೂರಿನಲ್ಲಿ ರೈಲು ಬದಲಿಸಿ ಹೈದರಾಬಾದಿನ ಕಡೆಯ ಅವನ ತರಬೇತಿಯ ಮೈದಾನ ತಲುಪಿದೆವು. ನಾನು ಕಂಡಿದ್ದ ಕವಾಯತೆಂದರೆ ಬನ್ನಿಮಂಟಪದ ಪಂಜಿನ ಕವಾಯತು ಒಂದೇ. ಅಲ್ಲಿ ಕುದುರೆ ಹತ್ತಿರ ಬಂದರೆ ನನ್ನ ಸೆರಗಿನೊಳಗೆ ನುಗ್ಗುತ್ತಿದ್ದವನು ಇಲ್ಲಿ ಸಮವಸ್ತ್ರ ತೊಟ್ಟು ನಗುತ್ತ ಎದುರಿಗೆ ಬಂದ.

"ಕೊನೇ ಪರೀಕ್ಷೇಲಿ ಕೈಕಾಲೇ ಆಡ್ಲಿಲ್ಲ ಕಣಮ್ಮ," ಎಂದ. "ಎರಡು ಸಲ ವಿಮಾನ ಇಳಿಸೋದು ತಪ್ತು. ಮೂರನೇ ಸಲ, ನೀನು ಮುಡಿಪು ಕಟ್ಟಿದ್ದೀಯ ಅಂತ ತಂಗಿ ಬರೆದಿದ್ದು ನೆನಪಾಯ್ತು. ಆ ಧೈರ್ಯದ ಮೇಲೆ ಇಳಿಸ್ಬುಟ್ಟೆ."

ನಾನು ಏನಾದರೂ ಹೇಳುವಷ್ಟರಲ್ಲಿ ಅವನನ್ನು ಕರೆದರು. ಬಿಲ್ಲೆ ಕೊಡುವ ಮೊದಲು ನಾಲ್ವರು ಹಾರಿ ತೋರಿಸಬೇಕಂತೆ, ಅವರಲ್ಲಿ ಇವನೂ ಒಬ್ಬ.

ವಿಮಾನಗಳು ಒಂದರ ಹಿಂದೊಂದು ಎದ್ದವು. ನನಗೆ ಹೊಳೆದದ್ದು ಆಗ. ಮುಡಿಪು ಇನ್ನೂ ಗೂಡಿನಲ್ಲೇ ಇದೆ, ಕೇಳಿಕೊಂಡದ್ದು ಹಾಗೇ ಬಾಕಿ ಇದೆ. ದೇವಿ ಅದನ್ನು ಈಗ, ನನ್ನ ಕಣ್ಣೆದುರಿಗೇ ನಡೆಸಿಕೊಟ್ಟರೆ? ಬೇಡ ತಾಯಿ, ತಪ್ಪಾಯಿತು, ಬೇಡ ಎಂದು ಕೆನ್ನೆ ಬಡಿದುಕೊಂಡೆ. ಪಕ್ಕದಲ್ಲಿದ್ದ ಅಧಿಕಾರಿಯ ಹೆಂಡತಿ ನನ್ನನ್ನು ನೋಡಿ ನಕ್ಕಳು, ಭಕ್ತಿ ಎಂದುಕೊಂಡಿರಬೇಕು. ನಮ್ಮ ಯಜಮಾನರೋ, "ನೋಡೇ, ಮೂರನೇದು ನಮ್ಮೋನ್ದು!" ಎಂದು ನನ್ನ ತೋಳು ಹಿಡಿದು ಅಲುಗಿಸುತ್ತಿದ್ದರು. ಆ ಮೂರನೆಯದು ಒಂದು ಕಡೆಗೆ ವಾಲಿತು. ಕಣ್ಣು ಮುಚ್ಚಿಬಿಟ್ಟೆ. ಜನರ ಕೂಗು ಕೇಳಿಸಿತು, ಆದರೆ ಯಾವ ಕೂಗೆಂದು ತಿಳಿಯಲಿಲ್ಲ. "ಇಳಿದ ಕಣೇ," ಎಂದು ಅವರು ಎರಡು ಸಲ ಹೇಳಿದ ಮೇಲೆಯೇ ನಾನು ಕಣ್ಣು ಬಿಟ್ಟದ್ದು. ಬಿಲ್ಲೆ ಚುಚ್ಚಿದ್ದು ನನಗೆ ನೆನಪೇ ಇಲ್ಲ.

ರಜೆಯ ಮೇಲೆ ಅವನೂ ನಮ್ಮ ಜೊತೆಯಲ್ಲೇ ಬಂದ. ಊರು ತಲುಪಿದ ಮರುದಿನ ಬೆಳಿಗ್ಗೆಯೇ ಮುಡಿಪು ಹಿಡಿದು, ಅವನನ್ನು ಕರೆದುಕೊಂಡು ಬೆಟ್ಟ ಹತ್ತಿದೆ. ಹುಂಡಿಯ ಮುಂದೆ ನಿಂತರೆ ಕೈ ಮೇಲೇಳದು. ಹಾಕಿದರೆ, ನಡೆಯದ ಹರಕೆ ನಡೆಯಿತೆಂದು ದೇವಿಗೇ ಸುಳ್ಳು ಹೇಳಿದಂತೆ. ವಾಪಸು ಒಯ್ದರೆ, ಕೇಳಿದ್ದು ಇನ್ನೂ ಬೇಕೆಂದಂತೆ.

"ಯಾಕಮ್ಮ, ಹಾಕು," ಎಂದ.

ತಡೆಯಲಾಗಲಿಲ್ಲ. ಯಾತಕ್ಕೆ ಕಟ್ಟಿದ್ದೆಂದು ಅಲ್ಲೇ ಅವನಿಗೆ ಹೇಳಿಬಿಟ್ಟೆ. ಸಿಟ್ಟಾಗುತ್ತಾನೆ ಎಂದುಕೊಂಡೆ.

"ಆ ಹುಡುಗ ಬಿದ್ದ ದಿನ ನಾನೂ ಅದನ್ನೇ ಬೇಡ್ಕೊಂಡೆ ಕಣಮ್ಮ," ಎಂದ. "ನನ್ನ ವಾಪಸ್ ಕಳಿಸ್ಬುಡ್ಲಿ ಅಂತ."

ಆಮೇಲೆ ನನ್ನ ಕೈಯಿಂದ ಮುಡಿಪು ತೆಗೆದುಕೊಂಡು ಗಂಟು ಬಿಚ್ಚಿದ. "ಈಗ ಹೊಸದಾಗಿ ಕೇಳ್ಕೊ," ಎನ್ನುತ್ತ ರೂಪಾಯಿಯನ್ನು ಮತ್ತೆ ಅದೇ ಬಟ್ಟೆಯಲ್ಲಿಟ್ಟು ಕಟ್ಟತೊಡಗಿದ. ಗಂಟು ಎರಡು ಸಲ ಜಾರಿತು. ಅದುವರೆಗೂ ಭಯವೆಲ್ಲ ನನ್ನೊಬ್ಬಳ ಪಾಲಿಗೇ ಬಂದಿದೆ ಎಂದುಕೊಂಡಿದ್ದೆ. ಅವನ ಕೈ ಹಿಡಿದುಕೊಂಡು ಮೂರನೆಯ ಸಲ ಗಂಟನ್ನು ನಾನೇ ಬಿಗಿದೆ.