ಸೊಲ್ಲಿಗೆ ಬಿಟ್ಟ ಜಾಗ

ಹಾಡುಗಾರ್ತಿಗೆ ಇಪ್ಪತ್ತರ ಆಸುಪಾಸು. ಶ್ರೀರಾಂಪುರದ ಕಡೆಯವಳು, ಕುರಿ ಸಾಕುವ ಮನೆತನ. ಹಾಡು ತಾನೇ ಕಟ್ಟುತ್ತಿದ್ದಳು. ಧಾಟಿ ಮಾತ್ರ ದೊಡ್ಡವ್ವನಿಂದ ಬಂದದ್ದು. ಅವಳ ಮೊದಲ ಆಲ್ಬಂ ಚಿತ್ರದುರ್ಗದ ಒಂದು ಸಣ್ಣ ಸ್ಟುಡಿಯೋದಲ್ಲಿ ತಯಾರಾಗಿ ಮೊಬೈಲಿಗೆ ಬಂದಾಗ, ಜಿಲ್ಲಾ ವರದಿಗಾರನಾಗಿದ್ದ ನಾನು ಬಿಡುಗಡೆಯ ಸುದ್ದಿ ಬರೆದಿದ್ದೆ. ಊರ ಹೆಂಗಸರು ಅದನ್ನು ಕೇಳುತ್ತಿರುವ ಫೋಟೊ ಒಂದು ಬೇಕು ಎಂದು ಪತ್ರಿಕೆಯ ಡೆಸ್ಕಿನವರು ಹೇಳಿದ್ದರಿಂದ ಹೊಸದುರ್ಗದಲ್ಲಿ ಬಸ್ ಬದಲಿಸಿ ಅವಳ ಊರಿಗೆ ಹೋದೆ.

"ಪೇಟೆಯವ್ರು ಏನಂದ್ರೂ ಅನ್ಲಿ ಸಾರ್," ಎಂದಳು ಹುಡುಗಿ. "ನಮ್ಮೂರ ಹೆಂಗಸ್ರು ಬಾಯಿಗೆ ತಗಂಡ್ರೆ ಮಾತ್ರ ನನ್ನ ಹಾಡು ಉಳೀತಾವೆ."

ದೊಡ್ಡವ್ವನ ಜಗಲಿಯಲ್ಲಿ ಹೆಂಗಸರು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಅಲ್ಲಿ ಹಾಡೆಂದರೆ ಒಬ್ಬಳು ಸಾಲು ಎತ್ತಬೇಕು, ಉಳಿದವರು ಅದನ್ನೇ ತಿರುಗಿ ಹೇಳಬೇಕು. ಹಾಗೆ ತಿರುಗಿ ಹೇಳುವುದಕ್ಕೆ ಸೊಲ್ಲು ಎನ್ನುತ್ತಾರೆ. ಮೊಬೈಲ್ ಹಾಡತೊಡಗಿತು. ಮೊದಲ ಸಾಲು ಮುಗಿಯಿತೆಂದು ಹೆಂಗಸರು ಬಾಯಿ ತೆರೆದರೆ ಎರಡನೆಯದು ಆಗಲೇ ಶುರುವಾಗಿತ್ತು. ಮತ್ತೆ ಹಾಗೇ ಆಯಿತು. ಸ್ವಲ್ಪ ಹೊತ್ತಿಗೆ ಎಲ್ಲರೂ ಹುಣಸೆಹಣ್ಣಿನ ಕಡೆ ತಿರುಗಿದರು.

"ಏನವ್ವ, ನಾಯಿ ಅಟ್ಟಿಸ್ಕಂಡು ಬಂದಿತ್ತಾ?" ಎಂದಳು ದೊಡ್ಡವ್ವ. "ಉಸ್ರಾಡಾಕೂ ಬಿಡಲ್ಲ ಇದು."

"ಜಾಗ ಬಿಟ್ಟೇ ಹಾಡಿದ್ದೆ, ದೊಡ್ಡವ್ವ."

ಬಿಟ್ಟಿದ್ದಳು, ನಿಜ. ಸ್ಟುಡಿಯೋದವನು ಆ ಖಾಲಿ ಜಾಗಗಳನ್ನು ತಪ್ಪೆಂದು ತಿಳಿದು ಕತ್ತರಿಸಿ, ಸಾಲಿಗೆ ಸಾಲು ಅಂಟಿಸಿದ್ದ. ಹುಡುಗಿ ಫೋನ್ ಮಾಡಿ ಕೇಳಿದಾಗ, ಕತ್ತರಿಸುವ ಮೊದಲಿನದನ್ನು ಅಳಿಸಿಬಿಟ್ಟೆ ಎಂದ.

"ಹಂಗಾರೆ ನೀವೂ ಸ್ಟುಡಿಯೋಕ್ಕೆ ಬರ್ರಿ," ಎಂದಳು ಹುಡುಗಿ. "ಸೊಲ್ಲು ಅಲ್ಲೇ ಹೇಳೀರಂತೆ."

"ನಾವ್ಯಾಕೆ? ಡಬ್ಬಿಯೊಳಗೇ ಸೊಲ್ಲು ಮುಗಿದ್ರೆ ಕೇಳೋರಿಗೆ ಏನು ಕೆಲ್ಸ ಐತೆ? ನೀನು ಜಾಗ ಬಿಡು, ಸಾಕು," ಎಂದಳು ದೊಡ್ಡವ್ವ.

ಹುಡುಗಿ ಮೊಬೈಲಿನಿಂದ ಆಲ್ಬಂ ತೆಗೆಸಿ ಎಲ್ಲವನ್ನೂ ಮತ್ತೆ ಹಾಡಿದಳು. ಮನೆಗೆಲಸ ಮುಗಿಸಿ ಬಸ್ ಹತ್ತುವುದು, ದಿನವಿಡೀ ಹಾಡುವುದು, ನಿಂತುಕೊಂಡೇ ವಾಪಸಾಗುವುದು. ಗಂಟಲು ಕಟ್ಟಿತು. ಹಾಡು ಮತ್ತೆ ಬಂದಾಗ ಪೇಟೆಯ ಕೇಳುಗರು, ನಡುನಡುವೆ ನಿಂತುಹೋಗುತ್ತದೆ, ಸರಿಮಾಡಿ ಎಂದು ಬರೆದರು. ಉತ್ತರ ಕೊಡುವ ತ್ರಾಣ ಅವಳಿಗಿರಲಿಲ್ಲ.

ಒಂದೇ ಆಲ್ಬಂ ಎರಡು ಸಲ ಬಿಡುಗಡೆಯಾಗುವುದು ಸುದ್ದಿಯಲ್ಲ. ಆದರೂ ಹೋದೆ. ಅದೇ ಜಗಲಿ. ಒಂದು ಸಾಲು ಮುಗಿದು ಮೊಬೈಲ್ ಸುಮ್ಮನಾಯಿತು. ದೊಡ್ಡವ್ವ ಸೊಲ್ಲು ಎತ್ತಿದಳು, ಉಳಿದವರು ಸೇರಿಕೊಂಡರು. ಹಿಂದುಳಿದವಳಿಗೆ ಪಕ್ಕದವಳು ಮೊಣಕೈಯಲ್ಲಿ ತಿವಿದಳು. ಎರಡನೆಯ ಹಾಡಿಗೆ ಯಾರೂ ಹಿಂದೆ ಬೀಳಲಿಲ್ಲ.

ಹುಡುಗಿ ಕಂಬಕ್ಕೊರಗಿ ನಿದ್ದೆ ಹೋಗಿದ್ದಳು. ಯಾರೋ ಎಬ್ಬಿಸಲು ಕೈಚಾಚಿದರು.

"ಮಲಗ್ಲಿ ಬಿಡೇ," ಎಂದಳು ದೊಡ್ಡವ್ವ. "ಅವಳದ್ದು ಹಾಡಿ ಆಗೈತೆ."

ಅಷ್ಟರಲ್ಲಿ ಮುಂದಿನ ಸಾಲು ಮುಗಿದಿತ್ತು. ಉಳಿದವರು ದೊಡ್ಡವ್ವನಿಗೆ ಕಾಯದೆ ಸೊಲ್ಲು ಎತ್ತಿದರು.